ಶಂಕ್ರಕ್ಕನ ಸೊಕ್ಕು

ಶಂಕ್ರಕ್ಕ ಬೀಳುವಾಗ ಕೈ ಮುಂದೆ ಚಾಚುತ್ತಿರಲಿಲ್ಲ. ನೀವು ನಾನು ಎಡವಿದರೆ ಕೈ ತಾನಾಗಿ ನೆಲಕ್ಕೆ ಹೋಗುತ್ತದೆ, ಮೊಣಕಾಲು ಮಡಚುತ್ತದೆ, ಬಾಯಲ್ಲಿ 'ಯಪ್ಪಾ' ಬರುತ್ತದೆ. ಅವಳದು ಹಾಗಲ್ಲ. ನಿಂತವಳು ನಿಂತ ಹಾಗೆಯೇ, ಕಣ್ಣು ತೆರೆದುಕೊಂಡೇ, ಕಂಬ ಉರುಳಿದಂತೆ ದಡಲ್ಲನೆ ಬೀಳುತ್ತಿದ್ದಳು. ಬಿದ್ದ ಮೇಲೆ ಯಾರನ್ನೂ ಕರೆಯುತ್ತಿರಲಿಲ್ಲ. ಹಲ್ಲು ಕಚ್ಚಿ ಹಾಗೇ ಬಿದ್ದಿರುತ್ತಿದ್ದಳು. ಗುಡಗೇರಿಯ ನಮ್ಮ ಓಣಿಯ ಮಂದಿ ಇದನ್ನು ವರ್ಷಗಟ್ಟಲೆ ನೋಡಿ, ಕಟ್ಟೆಯ ಮೇಲೆ ಕೂತು ಅಳೆದು ಸುರಿದು, ಕೊನೆಗೆ ಕಂಡುಹಿಡಿದದ್ದು ಒಂದೇ ಮಾತು: "ಸೊಕ್ಕು."

ಬೀಳುವುದರಲ್ಲಿ ಸೊಕ್ಕು ಎಲ್ಲಿಂದ ಬಂತು ಎಂದು ನನ್ನನ್ನು ಕೇಳಬೇಡಿ. ನಮ್ಮ ಓಣಿಯವರಿಗೆ ಅಷ್ಟು ಬುದ್ಧಿ ಇದ್ದಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನನ್ನದು ಹಿಟ್ಟಿನ ಗಿರಣಿ. ಗಿರಣಿಗೂ ಶಂಕ್ರಕ್ಕನ ಮನೆಗೂ ನಡುವೆ ಒಂದೇ ಗೋಡೆ. ಅವಳು ನನಗಿಂತ ಹಿರಿಯಳು, ಹಳೆಯ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುವುದರಲ್ಲಿ ಪಳಗಿದ ಕೈ. ಕೌದಿಯನ್ನು ಎಲ್ಲರೂ ನೆಲದ ಮೇಲೆ ಹಾಸಿ, ಕೂತು, ಬಾಗಿ ಹೊಲಿಯುತ್ತಾರೆ. ಅವಳಿಗೆ ಬಾಗಲು ಬರುತ್ತಿರಲಿಲ್ಲ. ನಡು ಒಳಕ್ಕೆ ಡೊಂಕಾಗಿ, ಹೊಟ್ಟೆ ಮುಂದಕ್ಕೆ ಬಂದು, ಎದೆ ಎತ್ತಿಕೊಂಡೇ ಇರುತ್ತಿತ್ತು. ಬೆನ್ನು ಮುಟ್ಟಿದರೆ ಒನಕೆ ಮುಟ್ಟಿದಂತೆ. ಹೀಗಾಗಿ ಎತ್ತರದ ಟೇಬಲ್ಲೊಂದನ್ನು ಮಾಡಿಸಿಕೊಂಡು ನಿಂತೇ ಹೊಲಿಯುತ್ತಿದ್ದಳು. ಅದಕ್ಕೂ ಮಂದಿ ಮಾತಾಡಿದರು. "ಸಾಹೇಬರ ಗತೆ ಟೇಬಲ್ ಮ್ಯಾಲ ಕೌದಿ ಹೊಲೀತಾಳ ನೋಡ್ರಿ" ಎಂದು ನನ್ನ ಗಿರಣಿಯಲ್ಲೇ ಜೋಳದ ಡಬ್ಬಿ ಇಟ್ಟುಕೊಂಡು ನಕ್ಕವರು ಇದ್ದಾರೆ. ಅಂಥವರ ಹಿಟ್ಟನ್ನು ನಾನು ಬೇಕೆಂದೇ ಕಡೆಗೆ ಬೀಸುತ್ತಿದ್ದೆ.

ಮನೆಯೊಳಗೆ ಅವಳು ತಕ್ಕಮಟ್ಟಿಗೆ ಓಡಾಡುತ್ತಿದ್ದಳು. ಗೋಡೆಗೆ ಒಂದು ಬೆರಳು ತಾಗಿದ್ದರೆ ಸಾಕು, ಹೆಜ್ಜೆ ಬರುತ್ತಿತ್ತು. ಗೋಡೆ ಮುಗಿದು ಬಯಲು ಬಂತೋ, ಕಾಲು ನೆಲಕ್ಕೆ ಅಂಟಿಬಿಡುತ್ತಿತ್ತು. ಸಂತೆಯ ದಿನ ನಡುರಸ್ತೆಯಲ್ಲಿ ಹಿಂದಿನಿಂದ ಯಾರಾದರೂ ಹಾರ್ನ್ ಹೊಡೆದರೆ ಮುಗಿಯಿತು, ಅಲ್ಲೇ ಮರಗಟ್ಟಿ ನಿಂತಳು, ಇಲ್ಲವೇ ಬಿದ್ದಳು. "ಮನ್ಯಾಗ ತಿರಗತಾಳ, ಬಾಜಾರಕ್ಕ ಬಂದ್ರ ನಾಟಕ ಸುರು" ಎಂದು ತೀರ್ಪು ಕೊಟ್ಟವರು, ಅವಳ ಚೀಲದಿಂದ ಉರುಳಿದ ಬದನೆಕಾಯಿ ಆರಿಸಿ ಕೊಡುವಷ್ಟೂ ಬಾಗಲಿಲ್ಲ.

"ರೈಲಿನ ಸಪ್ಪಳಕ್ಕ ಏನೂ ಆಗಂಗಿಲ್ಲಲ್ರಿ ನಿಮಗ?" ಎಂದು ನಾನೊಮ್ಮೆ ಕೇಳಿದೆ. ಸ್ಟೇಶನ್ ನಮ್ಮ ಓಣಿಯಿಂದ ದೂರವಿಲ್ಲ.

"ರೈಲು ಮರ್ಯಾದಸ್ತ ಬೇ ಸಾವಿತ್ರಿ. ದೂರದಿಂದನಽ ಬರ್ತೀನಿ ಬರ್ತೀನಿ ಅಂತ ಹೇಳಿ ಬರತೈತಿ. ನಮ್ಮ ಮಂದಿ ಹಂಗಲ್ಲ, ಕಳ್ಳರ ಗತೆ ಹಿಂದ ಬಂದು ಕುಂಡಿಗೆ ಹಾರ್ನ್ ಹೊಡೀತಾರ" ಅಂದಳು.

ಅಂದಿನಿಂದ ನಾನು ಗಿರಣಿ ಹಚ್ಚುವ ಮೊದಲು ಗೋಡೆಗೆ ಬಾಯಿಟ್ಟು "ಶಂಕ್ರಕ್ಕಾ, ಹಚ್ಚತೀನ್ರಿ!" ಎಂದು ಕೂಗುತ್ತಿದ್ದೆ. ಆ ಕಡೆಯಿಂದ "ಹಚ್ಚ ಬೇ!" ಅಂತ ಬಂದ ಮೇಲೆಯೇ ಸ್ವಿಚ್ ಒತ್ತುವುದು. ಇಷ್ಟೇ ಬೇಕಾಗಿತ್ತು ನೋಡಿ ಅವಳಿಗೆ. ಎದುರಿನಿಂದ ಬಾ, ಮೊದಲು ಮಾತಾಡು, ಆಮೇಲೆ ಮುಟ್ಟು. ಇದಕ್ಕೆ ಕಾಲೇಜು ಕಲಿಯಬೇಕಾಗಿಲ್ಲ. ಅವಳು ಹೋದ ಮೇಲೂ ಎಷ್ಟೋ ದಿನ ನನ್ನ ಬಾಯಿ ತಾನಾಗಿ ಗೋಡೆಯತ್ತ ಹೋಗುತ್ತಿತ್ತು.

ಈಗ ಚನ್ನಬಸಪ್ಪನ ವಿಷಯ. ಇವನು ಶಂಕ್ರಕ್ಕನ ಗಂಡನ ಅಣ್ಣ, ಆ ಮನೆಯ ಯಜಮಾನ. ಎದುರಿಗೆ 'ಕಾಕಾರ' ಅನ್ನುತ್ತಿದ್ದೆ, ಇಲ್ಲಿ ಬರೆಯುವಾಗ ಬಹುವಚನ ಕೊಡಲು ಕೈ ಒಪ್ಪುತ್ತಿಲ್ಲ. ಅವನಿಗೆ ತಿಳಿಯದ ವಿಷಯ ಜಗತ್ತಿನಲ್ಲಿ ಇರಲಿಲ್ಲ. ಎತ್ತಿಗೆ ಹೊಟ್ಟೆಯುಬ್ಬರ ಬಂದರೂ ಅವನೇ, ದೇಶಕ್ಕೆ ಕಷ್ಟ ಬಂದರೂ ಅವನೇ. ತಮ್ಮನ ಹೆಂಡತಿಯ ಮೈ ಸೆಟೆದದ್ದಕ್ಕೆ ಅವನು ಮೊದಲ ವರ್ಷ "ವಾಯು" ಅಂದ. ಮುಂದೆ "ನರ ಹಿಡದೈತಿ" ಅಂದ. ನರ ಬಿಡಿಸುವವನೊಬ್ಬನನ್ನು ಎಲ್ಲಿಂದಲೋ ಹಿಡಿದು ತಂದ. ಆ ಮಹಾಪುರುಷ ಶಂಕ್ರಕ್ಕನ ಬೆನ್ನ ಮೇಲೆ ಮೊಣಕಾಲಿಟ್ಟು ಭುಜ ಹಿಡಿದು ಜಗ್ಗಿದ. ಅವಳು ಕೂಗಿದ ಕೂಗು ನಡೆಯುತ್ತಿದ್ದ ಗಿರಣಿಯ ಸದ್ದಿನಲ್ಲೂ ನನಗೆ ಕೇಳಿಸಿತು. ಇದ್ಯಾವುದೂ ನಾಟದಾಗ ಚನ್ನಬಸಪ್ಪನೂ ಓಣಿಯ ಮಾತಿಗೆ ಬಂದ. "ಮಲಗಿದಾಗ ನೋಡ್ರಿ, ಅಗದಿ ಮೆತ್ತಗಿರತಾಳ. ಎದ್ದಕೂಡ್ಲೆ ಸೆಟೀತಾಳ. ಅಂದ್ರ ಏನರ್ಥ? ಬೇಕಂತ ಮಾಡ್ತಾಳ."

ಅವಳ ಗಂಡ ವೀರಪ್ಪ ಅಣ್ಣನ ಪಕ್ಕ ನಿಂತು "ಹೌದಣ್ಣ" ಅಂದ. ಆ ಮನುಷ್ಯನ ಬಾಯಿಂದ ಬೇರೆ ಶಬ್ದ ನಾನು ಕೇಳಿದ್ದು ಕಡಿಮೆ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕಾಲು ಮಡಚಿ, ಚಕ್ಕಳಮಕ್ಕಳ ಹಾಕಿ ಗೋಡೆಗೆ ಕೂಡ್ರಿಸಿ, ಹಣೆಗೆ ವಿಭೂತಿ ಹಚ್ಚಿ, ಕೂತ ಹಾಗೆಯೇ ಮಣ್ಣು ಮಾಡುತ್ತೇವೆ. ಈ ಚನ್ನಬಸಪ್ಪನಿಗೆ ಅದರ ಚಿಂತೆ. ಒಂದು ದಿನ ಶಂಕ್ರಕ್ಕನ ಎದುರಿಗೇ ನನ್ನೊಡನೆ, "ಅಲ್ಲ ತಂಗಿ, ಈಕಿ ಹೋದ್ರ ಕೂಡ್ರಸೋದರ ಹೆಂಗ? ಕಾಲ ಮಡಚಂಗಿಲ್ಲ, ನಡ ಬಾಗಂಗಿಲ್ಲ" ಅಂದ. ಬದುಕಿ ನಿಂತು ಕೌದಿ ಹೊಲಿಯುತ್ತಿರುವ ಹೆಣ್ಣಿನ ಮುಂದೆ ಆಡುವ ಮಾತೇ ಇದು?

ಶಂಕ್ರಕ್ಕ ಸೂಜಿ ನಿಲ್ಲಿಸಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಮೊದಲ ನೀವ ಹೋಗ್ರಿ ಬಾವಾರ. ನಿಮ್ಮನ್ನ ಹೆಂಗ ಕೂಡ್ರಸ್ತಾರ ನೋಡಿ ಕಲ್ತಗೋತೀನಿ" ಅಂದಳು.

ಅವಳ ಬಾಯಿಯೇ ಹಾಗೆ. ಅವಳ ಮೈಯಲ್ಲಿ ಸಡಿಲಾಗಿ ಉಳಿದದ್ದು ಕೈ ಮತ್ತು ನಾಲಿಗೆ, ಎರಡನ್ನೂ ಚೆನ್ನಾಗಿ ದುಡಿಸಿಕೊಂಡಳು. ಆದರೆ ಚನ್ನಬಸಪ್ಪ ಅತ್ತ ಹೋದ ಮೇಲೆ ನನಗೆ ಹೇಳಿದಳು: "ಗುಣಾ ಆಗೋದು ಬ್ಯಾಡ ಬೇ ನನಗ. ನಾ ಸೊಕ್ಕಿಲೆ ಹಿಂಗ ನಿಂತಿಲ್ಲ ಅಂತ ಈ ಮನ್ಯಾಗ ಒಬ್ಬರು ಅನ್ಲಿ. ಅಷ್ಟಾದ್ರ ಸಾಕು." ಅವಳ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

ಶಂಕ್ರಕ್ಕನ ಮಗಳು ಸುಧಾಳಿಗೆ ನವಲಗುಂದದ ಕಡೆಯ ಗಂಡು ಗೊತ್ತಾಯಿತು. ಸುಧಾ ಕುಂದಗೋಳದಲ್ಲಿ ಸೊಸೈಟಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು, ತಾಯಿಯ ಬಾಯಿ ತಾಯಿಯ ಧೈರ್ಯ ಎರಡೂ ಬಂದಿದ್ದವು. ಗಂಡಿನ ದೊಡ್ಡಪ್ಪ ಗುರುಪಾದಪ್ಪ ಎಂಬವನು ಆ ಮನೆತನದ ಹಿರಿಯ. ನಿಶ್ಚಯದ ದಿನ ಶಂಕ್ರಕ್ಕನ ಮನೆಯಲ್ಲಿ ಒಳ್ಳೆಯ ಜಮಖಾನ ಹಾಸಿ ಅವನನ್ನು ಕೂಡ್ರಿಸಿದ್ದರು. ಅವನು ಕಾಲು ಮುಂದೆ ಚಾಚಿಯೇ ಕೂತಿದ್ದ, ಬಂದವರು ಕಾಲಿಗೆ ಬೀಳಲಿಕ್ಕೆ ಅನುಕೂಲವಾಗಲಿ ಎಂದು. ಬಿದ್ದರು ಎಲ್ಲರೂ. ಶಂಕ್ರಕ್ಕ ಮಾತ್ರ ಬಾಗಿಲ ಚೌಕಟ್ಟು ಹಿಡಿದು ನಿಂತಲ್ಲೇ ಕೈಮುಗಿದಳು.

"ಬೀಗತಿ ನಮ್ಮನ್ನ ಮೆಚ್ಚಿಲ್ಲೇನು? ಭಾಳ ನೆಟ್ಟಗ ನಿಂತಾರಲ್ಲ" ಅಂದ ಗುರುಪಾದಪ್ಪ.

"ಮೈ ಬಾಗಂಗಿಲ್ರಿ ನನಗ. ತಪ್ಪ ತಿಳೀಬ್ಯಾಡ್ರಿ" ಅಂದಳು ಶಂಕ್ರಕ್ಕ.

ಮಗಳ ಸಂಬಂಧಕ್ಕಾಗಿ ಮೆತ್ತಗೆ ಮಾತಾಡಿದಳು, ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಆದರೆ ಚನ್ನಬಸಪ್ಪನಿಗೆ ಮಾನ ಹೋದಂತಾಯಿತು. ಹಿಂದಿನಿಂದ ಬಂದವನೇ, "ಬಾಗ ಬೇ, ಹಿರೇರು ಕುಂತಾರ" ಎಂದು ಒಂದು ಕೈ ಅವಳ ಕುತ್ತಿಗೆಗೆ, ಒಂದು ಕೈ ನಡುವಿಗೆ ಹಾಕಿ ಒತ್ತಿದ. ನಾನು ಅಡಿಗೆಮನೆಯಿಂದ "ಮುಟ್ಟಬ್ಯಾಡ್ರೋ!" ಎಂದು ಕೂಗಿದ್ದು ಅಲ್ಲಿಗೆ ಮುಟ್ಟುವ ಮೊದಲೇ ಶಂಕ್ರಕ್ಕ ಸೆಟೆದು, ಮುಖ ಅಡಿಯಾಗಿ ನೇರ ನೆಲಕ್ಕೆ ಬಿದ್ದಳು. ಮುಂದಿನ ಹಲ್ಲು ಮುರಿದು ಬಾಯಿ ರಕ್ತವಾಯಿತು. ಮಣಿಕಟ್ಟು ಮೈಯ ಕೆಳಗೆ ಸಿಕ್ಕು ಮುರಿಯಿತು. ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿ, ಕಾಲು ನೀಟಾಗಿ ಸೆಟೆದು, ಇಡೀ ಮೈ ಜಗ್ಗಿ ಜಗ್ಗಿ ನಡುಗುತ್ತಿತ್ತು.

ಮನುಷ್ಯರಾದರೆ ಏನು ಮಾಡುತ್ತಾರೆ? ನೀರು ತರುತ್ತಾರೆ, ಗಾಡಿ ಕರೆಯುತ್ತಾರೆ. ಇವರು ಕುಂಕುಮ ತಂದರು. ಯಾವಳೋ ಒಬ್ಬಳು "ಮೈಯಾಗ ಬಂದೈತಿ! ತಾಯಿ ಬಂದಾಳ!" ಅಂದದ್ದೇ ತಡ, ಗುರುಪಾದಪ್ಪ ಚಾಚಿದ್ದ ಕಾಲು ಮಡಚಿದ, ತಲೆಯ ಪಟಕಾ ತೆಗೆದ, ಜಮಖಾನದ ಮೇಲೆ ಉದ್ದಕ್ಕೆ ಬಿದ್ದು ಶಂಕ್ರಕ್ಕನ ಅಂಗಾಲಿಗೆ ಹಣೆ ಹಚ್ಚಿದ. "ತಪ್ಪಾತು ತಾಯಿ, ನಿನ್ನ ಕಡೆಯಿಂದ ಕಾಲ ಬೀಳಿಸಿಗೊಳ್ಳಾಕ ಹೋದ್ನಿ!" ಅವನ ಹಿಂದೆ ಅವನ ಪರಿವಾರ. ಚನ್ನಬಸಪ್ಪ ತೆಂಗಿನಕಾಯಿ ತಂದು ಅವಳ ತಲೆಯ ಬಳಿಯೇ ಫಟ್ಟೆಂದು ಒಡೆದ. ಆ ಸಪ್ಪಳಕ್ಕೆ ಅವಳು ಇನ್ನೊಮ್ಮೆ ಸೆಟೆದಳು. "ಒಪ್ಪಿಗೊಂಡ್ಲು, ತಾಯಿ ಒಪ್ಪಿಗೊಂಡ್ಲು!" ಎಂದರು ಎಲ್ಲರೂ.

ಅವಳಿಗೆ ಎಚ್ಚರವಿತ್ತು. ಎಲ್ಲ ಕೇಳಿಸುತ್ತಿತ್ತು. ಕಚ್ಚಿದ ಹಲ್ಲಿನ ಸಂದಿಯಿಂದ, "ಯಾರೂ ಮುಟ್ಟಬ್ಯಾಡ್ರಿ. ಸುಮ್ನಿರ್ರಿ" ಅಂದಳು. ದೇವಿಯ ಅಪ್ಪಣೆಯಾಯಿತೆಂದು ಇಡೀ ಮನೆ ಉಸಿರು ಬಿಗಿಹಿಡಿದು ಕೂತಿತು. ಯಾರೂ ಮುಟ್ಟದೆ, ಯಾರೂ ಸದ್ದು ಮಾಡದೆ ಇದ್ದುದರಿಂದ ಸ್ವಲ್ಪ ಹೊತ್ತಿಗೆ ಮೈ ಸಡಿಲಾಯಿತು. ವರ್ಷಗಟ್ಟಲೆ ಹೆಂಗಸಾಗಿ ಕೇಳಿದ್ದನ್ನು ಆ ಮೂರ್ಖರು ಅಂದು ದೇವಿಗೆ ಕೊಟ್ಟರು.

ಮಣಿಕಟ್ಟಿಗಾಗಿ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದದ್ದು ನಾನು ಮತ್ತು ಸುಧಾ. ಎಲುಬಿನ ಡಾಕ್ಟರು ಅವಳ ಹೊಟ್ಟೆ ಒತ್ತಿ ನೋಡಿ, ಬೆನ್ನು ಒತ್ತಿ ನೋಡಿ, ನರಗಳ ಡಾಕ್ಟರ ಕಡೆ ಕಳಿಸಿದರು. ಅಲ್ಲಿ ನರ್ಸಮ್ಮನ ಕೈಯಿಂದ ತಟ್ಟೆಯೊಂದು ಜಾರಿ ಬಿತ್ತು. ಶಂಕ್ರಕ್ಕ ಕುರ್ಚಿಯಲ್ಲೇ ಮರಗಟ್ಟಿದಳು. ಡಾಕ್ಟರು ಎದ್ದು ಬಂದರು. ಕೈ ಹಾಕಲಿಲ್ಲ. ಎದುರಿಗೆ ನಿಂತು ಮೆಲ್ಲಗೆ "ಈಗ ನಾನು ನಿಮ್ಮ ತೋಳು ಹಿಡಿಯುತ್ತೇನೆ, ಆಗಬಹುದಾ?" ಎಂದು ಕೇಳಿದರು. ನಾನೂ ಸುಧಾಳೂ ಒಬ್ಬರ ಮುಖ ಒಬ್ಬರು ನೋಡಿದೆವು.

ರಕ್ತ ತೆಗೆದರು, ಸೂಜಿ ಚುಚ್ಚಿ ಸ್ನಾಯು ಪರೀಕ್ಷೆ ಮಾಡಿದರು. ಆಮೇಲೆ ಕೂಡ್ರಿಸಿಕೊಂಡು ಬಿಡಿಸಿ ಹೇಳಿದರು. ಮೆದುಳು ಸ್ನಾಯುವಿಗೆ 'ಬಿಗಿ' ಅನ್ನುತ್ತದೆ, ಸ್ನಾಯು ಬಿಗಿಯುತ್ತದೆ. 'ಸಾಕು' ಎಂದು ಹೇಳಲಿಕ್ಕೂ ದೇಹದಲ್ಲಿ ಒಂದು ವ್ಯವಸ್ಥೆ ಇರುತ್ತದೆ. ರೋಗದ ವಿರುದ್ಧ ಹೋರಾಡಬೇಕಾದ ನಮ್ಮ ಶಕ್ತಿಯೇ ತಪ್ಪು ತಿಳಿದು ಆ ವ್ಯವಸ್ಥೆಯ ಮೇಲೆ ಬಿದ್ದಿದೆ. ಅದಕ್ಕೇ ಬಿಗಿದದ್ದು ಬಿಡುವುದಿಲ್ಲ, ಗಾಬರಿಯಾದರೆ, ಅನಿರೀಕ್ಷಿತ ಸದ್ದಾದರೆ, ಮುಟ್ಟಿದರೆ ಹೆಚ್ಚುತ್ತದೆ. ನಿದ್ದೆಯಲ್ಲಿ ಸಡಿಲಾಗುವುದೂ ಈ ರೋಗದ ಲಕ್ಷಣವೇ. ಅವಳಿಗಿದ್ದ ಸಕ್ಕರೆ ಕಾಯಿಲೆಗೂ ಇದಕ್ಕೂ ನಂಟಿರಬಹುದು. ಪೂರ್ತಿ ಹೋಗುವುದಿಲ್ಲ, ಔಷಧದಿಂದ ಹಗುರಾಗುತ್ತದೆ, ಗುಳಿಗೆಗಳನ್ನು ಒಮ್ಮೆಲೇ ಬಿಡಬಾರದು. ಹೆಸರು ಸ್ಟಿಫ್ ಪರ್ಸನ್ ಸಿಂಡ್ರೋಮ್.

"ಹಂಗಂದ್ರ?" ಎಂದಳು ಶಂಕ್ರಕ್ಕ. ಸುಧಾ ಕನ್ನಡದಲ್ಲಿ ಹೇಳಿದಳು.

"ಸೆಟದಾಕಿ ಅಂತ ನಮ್ಮ ಓಣ್ಯಾಗ ಇಟ್ಟ ಹೆಸರನ್ನಽ ನೀವೂ ಇಟ್ರೇನ್ರಿ ಡಾಕ್ಟರ? ಇರ್ಲಿ ಬಿಡ್ರಿ. ಅಂದ್ರ ನನ್ನ ಮೈಯಾಗ ಸಾಕು ಅನ್ನಾವರು ಇಲ್ಲ. ನಮ್ಮ ಮನ್ಯಾಗೂ ಇಲ್ರಿ" ಎಂದು ಮುರಿದ ಹಲ್ಲಿನಲ್ಲೇ ನಕ್ಕಳು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಗೊಳೋ ಎಂದು ಅತ್ತಳು. ರೋಗ ಬಂತೆಂದು ಅತ್ತದ್ದಲ್ಲ, ಅದು ರೋಗವೆಂದು ಒಬ್ಬರು ಒಪ್ಪಿದರಲ್ಲ ಎಂದು.

ಊರಿಗೆ ಬಂದರೆ ಓಣಿ ಬದಲಾಗಿತ್ತು. ಹುಡುಗರು ಅವಳ ಮನೆಯ ಮುಂದೆ ಬೈಕ್ ಬಂದ್ ಮಾಡಿ ತಳ್ಳಿಕೊಂಡು ಹೋಗುತ್ತಿದ್ದರು. ಹಾರ್ನ್ ಇಲ್ಲ, ಜಗಳ ಇಲ್ಲ. ಮಂಗಳವಾರ ಹೊಸ್ತಿಲಿಗೆ ನಿಂಬೆಹಣ್ಣು ಬೀಳತೊಡಗಿದವು. ನವಲಗುಂದದವರು ಮದುವೆಗೆ ಅವಸರ ಮಾಡಿದರು, ದೇವಿಯ ಮನೆಯ ಹುಡುಗಿ ಬೇರೆಯವರ ಪಾಲಾದೀತೆಂದು. ಚನ್ನಬಸಪ್ಪ ಜುಬ್ಬಾ ಇಸ್ತ್ರಿ ಮಾಡಿಸಿ ಬಾಗಿಲಲ್ಲೇ ಕೂತು ಬಂದವರನ್ನು ಸಾಲಾಗಿ ಬಿಡುತ್ತಿದ್ದ. ನಾಚಿಕೆ ಎಂಬುದು ಅವನ ಮನೆಯ ದಾರಿ ಹಿಡಿದದ್ದೇ ಇಲ್ಲ.

"ಡಾಕ್ಟರ ಮಾತ ಇವರಿಗೆ ಹೇಳೂದಿಲ್ಲೇನ್ರಿ?" ಎಂದು ನಾನು ಕೇಳಿದೆ.

"ಸುಧಾಂದು ಲಗ್ನ ಆಗ್ಲಿ ಬೇ. ರೋಗ ಅಂದ್ರ ಅವರು ಓಡಿಹೋಗ್ತಾರ. ಲಗ್ನಾಗೂ ತನಕ ದೇವಿ ಆಗಿರತೀನಿ. ದೇವಿಗೆ ಹಾರ್ನ್ ಹೊಡ್ಯಾಂಗಿಲ್ಲ, ಅದೊಂದು ಲಾಭ" ಅಂದಳು. ನಾನಾದರೂ ಹಾಗೇ ಮಾಡುತ್ತಿದ್ದೆ.

ಲಗ್ನದ ದಿನ ಗೊತ್ತುಮಾಡಲು ಗುರುಪಾದಪ್ಪ ಬಂದ. ಜೊತೆಗೆ ತನ್ನ ಸೊಸೆಯನ್ನು ಕರೆತಂದಿದ್ದ. ಆ ಹುಡುಗಿಗೆ ಮೂರ್ಛೆರೋಗ. ಮುಖ ಬಿಳಿಚಿತ್ತು, ತುಟಿ ಕಚ್ಚಿ ಗಾಯವಾಗಿತ್ತು. ಅವಳನ್ನು ಶಂಕ್ರಕ್ಕನ ಕಾಲಿಗೆ ಬೀಳಿಸಿ, "ತಾಯಿ, ನಿನ್ನ ಪಾದ ಸಿಕ್ಕ ಮ್ಯಾಲ ಡಾಕ್ಟರ ಗುಳಿಗಿ ಎಲ್ಲಾ ಬಿಡಿಸೇನಿ. ಮತ್ತ ಮತ್ತ ಬೀಳಾಕತ್ತಾಳ, ನೀನಽ ಕಾಯಬೇಕು" ಅಂದ. ಮೆಚ್ಚುಗೆಗಾಗಿ ಕಾಯುತ್ತ ನಿಂತ ಬೇರೆ.

ಶಂಕ್ರಕ್ಕ ಸುಧಾಳ ಕಡೆ ನೋಡಿದಳು. ಸುಧಾ ತಲೆ ಅಲ್ಲಾಡಿಸಿದಳು, ಹೇಳು ಎಂದು. ಶಂಕ್ರಕ್ಕ ಗೋಡೆಗೆ ಬೆರಳಿಟ್ಟು ಎದ್ದು ನಿಂತಳು.

"ನಾ ದೇವಿ ಅಲ್ಲ. ಸೊಕ್ಕಿನಾಕೀನೂ ಅಲ್ಲ. ನನಗೊಂದು ರೋಗ ಐತಿ, ಹುಬ್ಬಳ್ಳ್ಯಾಗ ಹೆಸರ ಹೇಳ್ಯಾರ, ದಿನಾ ಗುಳಿಗಿ ನುಂಗತೀನಿ. ಈ ಕೂಸಿಗೂ ರೋಗ ಐತಿ. ಮೊದಲ ಆಕಿನ್ನ ಡಾಕ್ಟರ ಕಡೆ ಕರಕೊಂಡ ಹೋಗಿ ಗುಳಿಗಿ ಸುರು ಮಾಡಸ್ರಿ. ಈಗಿಂದೀಗ."

ಗುರುಪಾದಪ್ಪನ ಮುಖ ಕೆಂಪಾಯಿತು. ಅವನಿಗೆ ಸೊಸೆಯ ಚಿಂತೆ ಬರಲಿಲ್ಲ. "ಹಂಗಾರ ಆವತ್ತ ನಾ ಬಿದ್ದದ್ದು ಯಾರ ಕಾಲಿಗೆ?" ಎಂದು ಕೇಳಿದ.

"ಒಬ್ಬ ಬ್ಯಾನಿ ಹೆಂಗಸಿನ ಕಾಲಿಗೆ. ಎಬ್ಬಿಸಬೇಕಿತ್ರಿ, ಅಡ್ಡ ಬಿದ್ರಿ."

ಸಂಬಂಧ ಅಲ್ಲಿಗೇ ಮುರಿಯಿತು. ರೋಗದ ಮನೆತನವಂತೆ, ಮೇಲಾಗಿ ಹಿರಿಯರನ್ನು ಮೋಸದಿಂದ ಕಾಲಿಗೆ ಬೀಳಿಸಿಕೊಂಡ ಮನೆತನವಂತೆ. ಸೊಸೆಯನ್ನು ಮಾತ್ರ ಅಂದೇ ಆಸ್ಪತ್ರೆಗೆ ಒಯ್ದರೆಂದು ಕೇಳಿದೆ. ಸುಧಾ ತಾಯಿಯ ತೋಳು ಹಿಡಿದು, "ಬಿಡ ಬೇ ಯವ್ವಾ. ಅಂಥಾ ಮನ್ಯಾಗ ನನಗ ಕೆಮ್ಮ ಬಂದಿದ್ರೂ ಕಾಯಿ ಒಡೀತಿದ್ರು" ಅಂದಳು. ಮಾರನೆಯ ದಿನದಿಂದಲೇ ಓಣಿಯಲ್ಲಿ ಹಾರ್ನ್ ಸುರುವಾಯಿತು, ಮೊದಲಿಗಿಂತ ಜೋರಾಗಿ. ನಿಂಬೆಹಣ್ಣು ಇಟ್ಟವರೇ ನನ್ನ ಗಿರಣಿಯಲ್ಲಿ ನಿಂತು, "ರೋಗ ಇತ್ತಂತ, ನೋಡಿದ್ರ ಹಂಗೇನ ಕಾಣಂಗಿಲ್ಲಲ್ಲ" ಅಂದರು. ಥೂ.

ಗುಳಿಗೆಯಿಂದ ಅವಳಿಗೆ ಒಂದಷ್ಟು ಸುಖ ಸಿಕ್ಕಿತು. ಕೋಲು ಹಿಡಿದು ನನ್ನ ಗಿರಣಿಯ ತನಕ ತಾನೇ ಬರುತ್ತಿದ್ದಳು. ಒಂದು ಚಳಿಗಾಲ ನ್ಯುಮೋನಿಯಾ ಹಿಡಿಯಿತು, ಎದೆಯ ಸ್ನಾಯುಗಳೂ ಬಿಗಿದು ಉಸಿರು ಎಳೆಯಲಾಗಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಾನು ಕಡೆಯ ಸಲ ನೋಡಿದಾಗ ಮುಖಕ್ಕೆ ಆಕ್ಸಿಜನ್ ಹಾಕಿದ್ದರು. ಹತ್ತಿರ ಹೋಗಿ ಎದುರಿಗೆ ನಿಂತು, "ಶಂಕ್ರಕ್ಕಾ, ಕೈ ಹಿಡೀತೀನ್ರಿ" ಅಂದೆ. ಕಣ್ಣು ಬಿಟ್ಟು "ಹಿಡಿ ಬೇ" ಎಂದು ತುಟಿ ಆಡಿಸಿದಳು.

ಬೆಳಗಿನ ಜಾವ ಹೋದಳು, ಮೈ ತಣ್ಣಗಾಗುವ ಮೊದಲೇ ಮನೆಗೆ ತಂದರು. ಕೂಡ್ರಿಸುವವರು ಬಂದು ಅಂಜುತ್ತಲೇ ಕಾಲು ಮಡಚಿದರು. ಕಾಲು ಸುಲಭವಾಗಿ ಮಡಚಿತು. ನಡು ಬಾಗಿತು, ಕುತ್ತಿಗೆ ಬಾಗಿತು. ಅಷ್ಟು ವರ್ಷ ಬಿಗಿದದ್ದೆಲ್ಲ ಬಿಟ್ಟುಕೊಟ್ಟಿತ್ತು. ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಅವಳೇ ಹೊಲಿದ ಕೌದಿ ಹಾಸಿ ಕೂಡ್ರಿಸಿದರು.

ಚನ್ನಬಸಪ್ಪ ಎಲ್ಲರಿಗೂ ಕೇಳುವಂತೆ ಅಂದ: "ನೋಡಿದ್ರಿಲ್ಲೋ? ಎಷ್ಟ ಹಗೂರ ಬಾಗಿದ್ಲು. ಮೊದಲಿಂದ ಬಾಗತಿತ್ತು, ಬೇಕಂತ ಬಾಗತಿದ್ದಿಲ್ಲ."

"ಹೌದಣ್ಣ" ಎಂದು ಬರಬೇಕಾಗಿತ್ತು. ಬರಲಿಲ್ಲ. ವೀರಪ್ಪ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದ.

ನನಗೆ ತಡೆಯಲಾಗಲಿಲ್ಲ. ಸತ್ತವರು ಶಿವನ ಪಾದ ಸೇರಿದರೆಂದು ನಮ್ಮಲ್ಲಿ ಹಿರಿಯರು ಕಿರಿಯರು ಎನ್ನದೆ ಎಲ್ಲರೂ ಪಾದ ಮುಟ್ಟುತ್ತಾರೆ. "ಹಂಗಾರ ನೀವೂ ಬಾಗ್ರಿ ಕಾಕಾರ" ಅಂದೆ. ಎಲ್ಲರೂ ಅವನತ್ತ ನೋಡಿದರು. ಅವನು ತುಸು ಬಾಗಿದ, ನಡುವಿಗೆ ಕೈ ಹಚ್ಚಿಕೊಂಡ.

"ಯಪ್ಪಾ... ಆಗಂಗಿಲ್ಲ ತಂಗಿ. ನಿನ್ನೆಯಿಂದ ಸ್ವಂಟ ಹಿಡದೈತಿ."

"ಅಯ್ಯ, ಬಾಗಬ್ಯಾಡ್ರಿ, ಬಾಗಬ್ಯಾಡ್ರಿ" ಎಂದಿತು ಇಡೀ ಓಣಿ. "ಸ್ವಂಟದ ಬ್ಯಾನಿ ಭಾಳ ಕೆಟ್ಟದ್ರಿ. ನಿಂತಲ್ಲೇ ಕೈ ಮುಗೀರಿ, ನಡೀತೈತಿ." ಯಾರೋ ಓಡಿಹೋಗಿ ನನ್ನ ಗಿರಣಿಯ ಕುರ್ಚಿಯನ್ನೇ ತಂದು ಹಾಕಿದರು. ಇಬ್ಬರು ತೋಳು ಹಿಡಿದು ಮೆಲ್ಲಗೆ ಕೂಡ್ರಿಸಿದರು.